ನಲವತ್ತೊಂದನೆಯ ಬರಹಕ್ಕೆ ಬಂದ ಒಂದೇ ಕಾಮೆಂಟ್

"ರೀ ಸ್ವಾಮಿ! ಈ ಮೂರು ಕಾಲಿಂದನ್ನ ದಾರಿಗೆ ಅಡ್ಡ ಚಾಚಿದ್ರೆ ಜನ ಎಲ್ಲಿ ನಿಂತ್ಕಬೇಕು?"

ಕಂಡಕ್ಟರ್ ಶಿವಗಂಗಾ ರೇಗಿದ್ದಕ್ಕೂ ಕಾರಣವಿತ್ತು. ಬೆಳಿಗ್ಗೆ ಎಂಟೂಕಾಲರ ಬಸ್ಸು. ಹೊಸದುರ್ಗದಲ್ಲೇ ತುಂಬಿಹೋಗಿತ್ತು. ಇನ್ನು ಹೊಳಲ್ಕೆರೆ, ಚಿತ್ರದುರ್ಗ ದಾಟಿ ಹಿರಿಯೂರು ಮುಟ್ಟಬೇಕು. ಅಷ್ಟರಲ್ಲಿ ಈ ಮನುಷ್ಯ, ಜಮೀನು ಅಳೆಯುವವರು ಹೊತ್ತು ತಿರುಗುವ ಮುಕ್ಕಾಲಿಯನ್ನು ಸೀಟಿನ ಪಕ್ಕ ಮಲಗಿಸಿಕೊಂಡು, ಮೊಬೈಲಿನಲ್ಲಿ ಮುಳುಗಿ ಕೂತಿದ್ದ!

ಅವನು ಗಾಬರಿಯಿಂದ ತಲೆ ಎತ್ತಿದ. ಅದೇ ಹೊತ್ತಿಗೆ ಡ್ರೈವರ್ ಜುಂಜಯ್ಯ ಯಾವುದೋ ಮೇಕೆ ಅಡ್ಡ ಬಂತೆಂದು ಬ್ರೇಕ್ ಒತ್ತಿದ. ಶಿವಗಂಗಾ ಮುಗ್ಗರಿಸಿದಳು. ಅವನು ಥಟ್ಟನೆ ಎದ್ದು ಅವಳ ತೋಳು ಹಿಡಿದ. ಮೊಬೈಲು ಕೈಜಾರಿ ಅವಳ ಕಾಲ ಬಳಿ ಬಿತ್ತು.

ಅವಳು ಬಗ್ಗಿ ಎತ್ತಿಕೊಂಡಳು. ಪರದೆಯ ಮೇಲೆ ಕಣ್ಣು ಬಿತ್ತು...

'ಮುಂದಿನ ಸ್ಟಾಪ್.'

ಶಿವಗಂಗಾ ಇನ್ನೊಮ್ಮೆ ನೋಡಿದಳು. ಅದು ಅವಳದೇ ಬ್ಲಾಗು! ತವರಿಗೆ ಹೊರಟ ಮದುಮಗಳು ಬಸ್ಸಿನಲ್ಲೇ ಚಪ್ಪಲಿ ಮರೆತು ಬರಿಗಾಲಲ್ಲಿ ಓಡಿಹೋದದ್ದನ್ನು ಅವಳು ಬರೆದಿದ್ದಳಲ್ಲ, ಆ ಬರಹ!

"ಕೊಡ್ರಿ ಮೇಡಂ," ಎಂದು ಅವನು ಕೈ ಚಾಚಿದ.

"ಏನ್... ಏನು ಓದ್ತಿದ್ರಿ?"

"ಒಂದು ಬ್ಲಾಗು. ಯಾರೋ ಕಂಡಕ್ಟ್ರು ಬರೀತಿದ್ರು."

ಬರೀತಿದ್ರು... ಆ ಮಾತು ಮುಳ್ಳಿನ ಹಾಗೆ ಚುಚ್ಚಿತು.

"ಚೆನ್ನಾಗೈತಾ?"

ಅವನು ಕಿಟಕಿಯಾಚೆ ನೋಡಿ, "ಚೆನ್ನಾಗೈತೆ ಅಂದ್ರೆ ಕಮ್ಮಿ ಆಗ್ತೈತೆ. ಅದಕ್ಕಿಂತ ದೊಡ್ಡ ಮಾತು ನಂಗೆ ಬರಲ್ಲ. ಹೊಳಲ್ಕೆರೆಗೆ ಒಂದು ಟಿಕೆಟ್ ಕೊಡ್ರಿ," ಎಂದ.

ಟಿಕೆಟ್ ಹರಿದು ಕೊಟ್ಟು, ಚಿಲ್ಲರೆ ಕೊಡುವುದನ್ನೇ ಮರೆತು ಅವಳು ಮುಂದೆ ಹೋದಳು.

ಎರಡು ವರ್ಷದ ಹಿಂದೆ ಶಿವಗಂಗಾ ಆ ಬ್ಲಾಗು ಶುರು ಮಾಡಿದ್ದಳು. ಹೆಸರು ಹಾಕಿರಲಿಲ್ಲ, ಊರಿನ ಹೆಸರುಗಳನ್ನೂ ಬದಲಿಸಿದ್ದಳು. ಬಸ್ಸಿನಲ್ಲಿ ಕಂಡ ಮುಖಗಳು, ಕೇಳಿದ ಮಾತುಗಳು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿದ್ದೆ ಹೋಗುವುದು... ಡಿಪೋದಲ್ಲಿ ಬಿಡುವು ಸಿಕ್ಕಾಗ ಕೂತು ಬರೆಯುತ್ತಿದ್ದಳು.

ಓದುವವರಿದ್ದರು. ಇನ್ನೂರು, ಮುನ್ನೂರು ಎಂದು ಸಂಖ್ಯೆ ತೋರಿಸುತ್ತಿತ್ತು. ಆದರೆ ಒಬ್ಬರೂ ಒಂದು ಮಾತು ಬರೆದಿರಲಿಲ್ಲ. ನಲವತ್ತು ಬರಹ... ನಲವತ್ತಕ್ಕೂ ಸೊನ್ನೆ! ಮದುವೆ ಮನೆಯಲ್ಲಿ ಅಡುಗೆ ಮಾಡಿದವಳು ಬಾಗಿಲ ಸಂದಿಯಿಂದ ಪಂಕ್ತಿ ನೋಡುವಂತೆ ಅವಳು ಆ ಖಾಲಿ ಜಾಗವನ್ನು ನೋಡುತ್ತಿದ್ದಳು. ಎಲೆಗಳು ಖಾಲಿಯಾಗುತ್ತಿದ್ದವು. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವವರಿರಲಿಲ್ಲ.

ನಲವತ್ತೊಂದನೆಯದಕ್ಕೆ ಬಂತು. ಮೊದಲ ಕಾಮೆಂಟು!

ಅದು ಪ್ರತಿ ಸೋಮವಾರ ಹೊಸದುರ್ಗದಲ್ಲಿ ಹತ್ತುವ ಒಬ್ಬ ಹೆಂಗಸಿನ ಬಗ್ಗೆ ಬರೆದದ್ದು. ಅರವತ್ತರ ಆಸುಪಾಸು. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡು ಬಲಗಡೆಯ ಕಿಟಕಿ ಪಕ್ಕ ಕೂತರೆ ಹಿರಿಯೂರಿನ ತನಕ ಅಲ್ಲಾಡುತ್ತಿರಲಿಲ್ಲ. ಹಿರಿಯೂರಿನಲ್ಲೂ ಇಳಿಯದೆ ಅದೇ ಬಸ್ಸಿನಲ್ಲಿ ಮರಳುತ್ತಿದ್ದಳು. ಶಿವಗಂಗಾ ಬರೆದಿದ್ದಳು: 'ಈಕೆಯನ್ನು ಮನೆಯಲ್ಲಿ ಯಾರೂ ಮಾತನಾಡಿಸುವುದಿಲ್ಲ. ಹೆತ್ತ ಮಗನಿಗೂ ಬೇಡವಾದ ಜೀವ ಮನುಷ್ಯರ ದನಿ ಕೇಳಲು ಬಸ್ಸು ಹತ್ತುತ್ತದೆ.'

ಕೆಳಗೆ ಯಾರೋ ಹೆಸರು ಹೇಳದವರು ಬರೆದಿದ್ದರು: 'ಇದು ನಿಮಗೆ ಹೇಗೆ ಗೊತ್ತು? ಆಕೆಯನ್ನು ಕೇಳಿ ಬರೆದಿರಾ?'

ಅಷ್ಟೇ. ಎರಡು ಸಾಲು.

ಶಿವಗಂಗಾ ಆ ದಿನ ಊಟ ಮಾಡಲಿಲ್ಲ. ಮೊದಲು ಕೋಪ ಬಂತು. ಆಮೇಲೆ ಅವಮಾನ. ಕೊನೆಗೆ, ಕೇಳಿದ್ದು ಸರಿಯೇ ಅಲ್ಲವೇ ಎಂಬ ಸಂಕಟ. ಅವಳು ಆ ಹೆಂಗಸನ್ನು ಕೇಳಿರಲೇ ಇಲ್ಲ! ಕೇಳುವ ಧೈರ್ಯವೂ ಬರಲಿಲ್ಲ. ಸೋಮವಾರ ಬಂದರೆ ಮುಖ ನೋಡದೆ ಟಿಕೆಟ್ ಕೊಟ್ಟು ಮುಂದೆ ಹೋಗುತ್ತಿದ್ದಳು. ಬರಹವನ್ನು ಅಳಿಸಿಬಿಡೋಣವೆಂದು ಎಷ್ಟೋ ಸಲ ಹೊರಟಳು. ಅಳಿಸಿದರೆ ಆ ಎರಡು ಸಾಲೂ ಹೋಗುತ್ತದಲ್ಲ... ಬಂದದ್ದೇ ಒಂದು.

ಅಳಿಸಲಿಲ್ಲ. ಬರೆಯುವುದನ್ನೇ ಬಿಟ್ಟಳು. ನಾಲ್ಕು ತಿಂಗಳಾಗಿತ್ತು.

ಮುಕ್ಕಾಲಿಯವನ ಹೆಸರು ನಿರಂಜನ. ಲೈಸೆನ್ಸ್ ಪಡೆದ ಸರ್ವೇಯರ್. ಹೊಳಲ್ಕೆರೆ ತಾಲ್ಲೂಕಿನ ಹೊಲಗಳ ಗಡಿ ಗುರುತಿಸುವ ಹದ್ದುಬಸ್ತು ಅಳತೆಗೆಂದು ಮಂಗಳವಾರ, ಗುರುವಾರ ಅದೇ ಬಸ್ಸಿಗೆ ಬರತೊಡಗಿದ. ಮುಕ್ಕಾಲಿಯನ್ನು ಈಗ ಸೀಟಿನ ಕೆಳಗೆ ನೀಟಾಗಿ ತಳ್ಳುತ್ತಿದ್ದ. ಮಾತು ಕಡಿಮೆ. ಆದರೆ ಬ್ಲಾಗಿನ ವಿಷಯ ಎತ್ತಿದರೆ ಮುಖ ಅರಳುತ್ತಿತ್ತು.

"ದೇವಸ್ಥಾನಕ್ಕೆ ಹರಕೆ ತೀರ್ಸಾಕೆ ಹೋಗ್ತಿದ್ದ ಗಂಡ ಹೆಂಡ್ತಿ ದಾರಿ ಉದ್ದಕ್ಕೂ ಜಗಳ ಆಡಿ, ಹರಕೆ ಏನಂತಾನೇ ಮರ್ತಿದ್ರಲ್ಲ... ಅದನ್ನ ಓದಿ ಹೊಲದ ಬದೀಗೆ ಕುಂತು ಒಬ್ನೇ ನಕ್ಕೆ ಮೇಡಂ. ರೈತ ಬಂದು, ಅಳತೆ ತಪ್ಪಾತಾ ಅಂತ ಕೇಳ್ದ!"

ಶಿವಗಂಗಾ ನಗು ತಡೆಯಲಾರದೆ ಮುಖ ತಿರುಗಿಸಿದಳು. 'ಅದು ನಾನೇ ಕಣ್ರೀ!' ಎಂದು ಕೂಗಬೇಕೆನಿಸಿತು. ಕೂಗಲಿಲ್ಲ.

ಒಂದು ಗುರುವಾರ ಬಸ್ಸು ಖಾಲಿಯಿತ್ತು. ಅವಳು ಕೇಳಿಯೇಬಿಟ್ಟಳು.

"ಇಷ್ಟೊಂದು ಓದ್ತೀರಲ್ಲ, ಒಂದು ಸಲನಾದ್ರೂ ಅವರಿಗೆ ಬರ್ದಿದೀರಾ?"

ನಿರಂಜನನ ಮುಖದ ಬಣ್ಣ ಬದಲಾಯಿತು. "ಜನ ಯಾಕೆ ಬರಿಯಲ್ಲ ಅಂತೀರಾ?"

"ಹೂಂ. ನೀವೇ ಹೇಳ್ರಿ."

"ಓದಿದ ತಕ್ಷಣ ಏನೋ ತುಂಬ್ಕಂಡಂಗೆ ಆಗ್ತೈತೆ. ಆಗ ಬರಿಯಾಕೆ ಆಗಲ್ಲ. ಬರೆಯಾಣ ಅನ್ನೋ ಹೊತ್ತಿಗೆ ಯಾರೋ ಫೋನ್ ಮಾಡ್ತಾರೆ. ಆಮೇಲೆ ಅನ್ನಿಸ್ತೈತೆ, ನಾನು ಯಾರು ಇವ್ರಿಗೆ ಹೇಳಾಕೆ? ಇಷ್ಟು ಚೆಂದ ಬರಿಯೋರಿಗೆ ನನ್ನ ಮಾತು ಯಾಕೆ ಬೇಕು?"

"ಬೇಕಾಗಿರ್ಬಹುದು!" ಅವಳ ದನಿ ತುಸು ಏರಿತು. "ಅವ್ರು ಕಾಯ್ತಿರ್ಬಹುದು..."

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಏನೋ ಹೇಳಲಾರದ ಭಾರವಿತ್ತು. "ಗೊತ್ತು," ಎಂದ ಮೆಲ್ಲಗೆ. "ಈಗ ಗೊತ್ತು."

ಹೊಳಲ್ಕೆರೆ ಬಂತು. ಅವನು ಇಳಿದುಹೋದ ಮೇಲೂ ಶಿವಗಂಗಾ ಆ ಖಾಲಿ ಸೀಟನ್ನು ನೋಡುತ್ತಲೇ ಇದ್ದಳು.

ಚಹಾ ಕುಡಿಯುವಾಗ ಜುಂಜಯ್ಯ ಗಂಟಲು ಸರಿಮಾಡಿಕೊಂಡ. ರಿಟೈರಾಗಲು ಎರಡು ವರ್ಷ ಉಳಿದ ಮನುಷ್ಯ. ಅವಳನ್ನು ಮಗಳಂತೆ ಕಾಣುತ್ತಿದ್ದ. "ಶಿವಗಂಗವ್ವ, ಮತ್ತೆ ಬರಿಯಾಕೆ ಶುರು ಮಾಡ್ತೀಯೋ ಇಲ್ಲೋ?"

"ಏನನ್ನ ಅಣ್ಣಾ?"

"ಅದೇ... ಮುಂದಿನ ಸ್ಟಾಪು."

ಅವಳ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. "ನೀವು ಓದ್ತಿದ್ರಾ?!"

"ಎಲ್ಲಾ ಓದೀನಿ. ನನ್ನ ಬ್ರೇಕ್ ಬಗ್ಗೆ ಬರ್ದಿದ್ದು ಓದಿದಾಗ್ಲೇ ಇದು ನೀನೇ ಅಂತ ತಿಳೀತು."

"ಮತ್ತೆ ಒಂದು ಮಾತೂ ಹೇಳಲಿಲ್ಲ!"

"ಹೆಂಗವ್ವ ಹೇಳಾದು? ನನ್ನ ಕಾಗುಣಿತ ನಂಗೇ ಗೊತ್ತೈತೆ. ಅಲ್ಲಿ ನಾಲ್ಕು ಜನ ಓದೋ ಕಡೆ ತಪ್ಪುತಪ್ಪಾಗಿ ಬರ್ದು ನಿನ್ನ ಮರ್ಯಾದೆ ಕಳೀಲಾ?"

ಶಿವಗಂಗಾಳ ಕಣ್ಣು ತುಂಬಿ ಬಂತು. ಮಾರು ದೂರದಲ್ಲಿ ಸ್ಟೇರಿಂಗ್ ಹಿಡಿದು ಕೂತವನು ಎರಡು ವರ್ಷದಿಂದ ಓದುತ್ತಿದ್ದ... ಅವಳು ಮಾತ್ರ ಯಾರೂ ಇಲ್ಲವೆಂದು ಕೊರಗಿದ್ದಳು!

ಅಂದು ಅವಳು ನಿರ್ಧರಿಸಿದಳು. ಮುಂದಿನ ವಾರ ನಿರಂಜನನಿಗೆ ನಿಜ ಹೇಳಿಬಿಡಬೇಕು. ಬ್ಲಾಗಿನ ನಿಜ, ಮತ್ತು... ಮಂಗಳವಾರ ಬಂತೆಂದರೆ ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲುವಂತೆ ಮಾಡಿದ ಆ ಇನ್ನೊಂದು ನಿಜ.

ಆದರೆ ಅವನು ಸೋಮವಾರವೇ ಬಂದ.

ಒಬ್ಬನೇ ಬರಲಿಲ್ಲ. ಅವನ ಕೈ ಹಿಡಿದು ಬಸ್ಸು ಹತ್ತಿದವರು... ಬಲಗಡೆ ಕಿಟಕಿಯ ಅದೇ ಹೆಂಗಸು!

"ಕಂಡಕ್ಟ್ರವ್ವ, ಇವ್ನು ನನ್ನ ಮಗ. ಎರಡು ದಿನದಿಂದ ಜ್ವರ ಇತ್ತು ನಂಗೆ. ಹೋಗಬ್ಯಾಡ ಅಂದ, ನಾನು ಕೇಳಲಿಲ್ಲ. ಹಂಗಾದ್ರೆ ಜೊತೇಲಿ ಬರ್ತೀನಿ ಅಂತ ಕೆಲ್ಸ ಬಿಟ್ಟು ಬಂದಾನೆ," ಎಂದು ಆ ಹೆಂಗಸು, ರೇಣುಕಮ್ಮ, ಮಗನ ಬೆನ್ನು ಸವರಿ ಕೂತಳು.

ಹೆತ್ತ ಮಗನಿಗೂ ಬೇಡವಾದ ಜೀವ...

ಶಿವಗಂಗಾ ಸೀಟಿನ ಕಂಬಿ ಹಿಡಿದು ನಿಂತಳು. ನಿರಂಜನ ತಲೆ ತಗ್ಗಿಸಿದ್ದ.

ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಅವಳು ಅವನನ್ನು ಕೆಳಗೆ ಕರೆದಳು.

"ಬ್ಲಾಗು ನಂದೇ ಅಂತ ಮೊದಲ್ನೇ ದಿನದಿಂದ ಗೊತ್ತಿತ್ತಾ?"

"ಗೊತ್ತಿತ್ತು. ಅವ್ವನ ಬಗ್ಗೆ ಓದಿದಾಗಲೇ ಯಾವ ಬಸ್ಸು ಅಂತ ತಿಳೀತು."

"ಆ ಕಾಮೆಂಟು?"

"...ನಾನೇ ಬರ್ದಿದ್ದು."

"ಹಂಗಾದ್ರೆ ಇಷ್ಟು ದಿನ ಹೊಗಳಿದ್ದು? ನಾನು ಯಾರೋ ಅನ್ನಂಗೆ ನನ್ನ ಎದುರಿಗೇ ನನ್ನ ಕಥೆ ಹೇಳಿದ್ದು? ನಾಟಕ ನೋಡಾಕೆ ಬರ್ತಿದ್ರಾ?"

"ಮೇಡಂ, ಹಂಗಲ್ಲ..."

"ನನ್ನಿಂದ ತಪ್ಪಾಗೈತೆ. ಒಪ್ಕಂತೀನಿ. ಬೈದಿದ್ರೆ ಬೈಸ್ಕಂತಿದ್ದೆ. ಆದ್ರೆ ಹಿಂಗೆ ಆಟ ಆಡಿಸ್ಬಾರ್ದಿತ್ತು!"

ಅವಳು ಸೀಟಿ ಊದಿದಳು. ದಾರಿಯುದ್ದಕ್ಕೂ ಅವನ ಕಡೆ ತಿರುಗಲಿಲ್ಲ. ಮರುದಿನವೇ ಡಿಪೋದಲ್ಲಿ ಕೇಳಿಕೊಂಡು, ಚಿತ್ರದುರ್ಗದಿಂದ ಭರಮಸಾಗರದ ಮೇಲೆ ದಾವಣಗೆರೆಗೆ ಹೋಗುವ ಬಸ್ಸಿಗೆ ಡ್ಯೂಟಿ ಬದಲಿಸಿಕೊಂಡಳು.

ಮೂರು ಸೋಮವಾರ ಕಳೆದವು.

ಹೊಸ ದಾರಿ, ಹೊಸ ಮುಖಗಳು. ಆದರೆ ಯಾರಾದರೂ ಮೊಬೈಲ್ ಹಿಡಿದು ಬಗ್ಗಿ ಕೂತರೆ ಅವಳ ಕಣ್ಣು ಸೀಟಿನ ಕೆಳಗೆ ಮುಕ್ಕಾಲಿ ಹುಡುಕುತ್ತಿತ್ತು. 'ಮೋಸ ಮಾಡಿದವನು ಅವನಾ? ಗೊತ್ತಿಲ್ಲದ ಮನೆಯ ಬಗ್ಗೆ ಗೊತ್ತಿರುವಂತೆ ಬರೆದ ನಾನಾ?' ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ನಾಲ್ಕನೆಯ ಸೋಮವಾರ. ಚಿತ್ರದುರ್ಗದ ನಿಲ್ದಾಣದಲ್ಲಿ ಅವಳು ಬಸ್ಸಿನ ಬಾಗಿಲಲ್ಲಿ ನಿಂತು, "ಭರಮಸಾಗರ, ದಾವಣಗೆರೆ!" ಎಂದು ಕೂಗುತ್ತಿದ್ದಳು. ಜನರ ನಡುವಿನಿಂದ ಒಬ್ಬ ಹೆಂಗಸು ಸೆರಗು ಹಿಡಿದುಕೊಂಡು, ಬಸ್ಸುಗಳ ಬೋರ್ಡು ಓದಲು ಬಾರದೆ, ಕಂಡಕಂಡವರನ್ನು ಕೇಳುತ್ತಾ ಬರುತ್ತಿದ್ದಳು.

ರೇಣುಕಮ್ಮ! ಯಾವತ್ತೂ ಬಸ್ಸಿನಿಂದ ಇಳಿಯದವಳು ಇಳಿದಿದ್ದಳು.

ಶಿವಗಂಗಾ ಓಡಿಹೋಗಿ ಕೈ ಹಿಡಿದಳು. "ಅವ್ವಾ! ಬರ್ರಿ, ಇಲ್ಲಿ ಕುಂತ್ಕಳ್ರಿ. ಒಬ್ರೇ ಯಾಕೆ ಬಂದ್ರಿ?"

"ಡ್ರೈವರಣ್ಣ ನೀನಿರೋ ಜಾಗ ಹೇಳ್ದ. ಬಂದೆ." ಕಲ್ಲು ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡು ರೇಣುಕಮ್ಮ ಹೇಳಿದಳು. "ನಿನ್ನ ಬರಹ ನನ್ನ ಮಗ ಓದಿ ಹೇಳ್ದ. ಇಷ್ಟು ದಿನ ಮುಚ್ಚಿಟ್ಟಿದ್ದ. ನಮ್ಮ ನೆಂಟರು ಯಾರೋ ಅದನ್ನ ಮೊಬೈಲ್ನಾಗೆ ಹಂಚಿ, ಅವ್ವನ್ನ ಮನೇಲಿ ಮಾತಾಡ್ಸಲ್ವೇನಪ್ಪ ಅಂತ ಒಂದು ಮದ್ವೆ ಮನೇಲಿ ಎಲ್ರ ಎದುರಿಗೆ ಅವನ್ನ ಕೇಳಿದ್ರಂತೆ. ಅದನ್ನೂ ನಂಗೆ ಹೇಳಿರಲಿಲ್ಲ."

ಶಿವಗಂಗಾ ಅವಳ ಕಾಲ ಬಳಿ ಕುಸಿದು ಕೂತಳು. "ತಪ್ಪಾತವ್ವ... ದೊಡ್ಡ ತಪ್ಪಾತು..."

"ಅಳಬ್ಯಾಡ. ನೀನು ಕೇಳಿದ್ರೆ ಹೇಳ್ತಿದ್ನಲ್ಲೇ ಹುಡುಗಿ! ಕೇಳ್ದೆ ಇದ್ದಿದ್ದಕ್ಕೆ ಬೇಜಾರು, ಬರ್ದಿದ್ದಕ್ಕಲ್ಲ." ಅವಳು ಶಿವಗಂಗಾಳ ತಲೆ ನೇವರಿಸಿದಳು. "ಈಗ ಕೇಳು."

ರೇಣುಕಮ್ಮನ ಗಂಡ ಮಾರಣ್ಣ ಕುರಿ ಕಾಯುತ್ತಿದ್ದವನು. ಮದುವೆಯಾದ ಹೊಸದರಲ್ಲಿ ಇಬ್ಬರೂ ಮಂದೆಯ ಹಿಂದೆ ಈ ದಾರಿಯಲ್ಲೇ ವರ್ಷಕ್ಕೊಮ್ಮೆ ನಡೆದು ಹೋಗುತ್ತಿದ್ದರು. ಒಂದೊಂದು ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುವುದು, ಅಲ್ಲೇ ಮೂರು ಕಲ್ಲಿಟ್ಟು ಅಡುಗೆ, ಮತ್ತೆ ಮುಂದಕ್ಕೆ. ಒಂಬತ್ತು ವರ್ಷ ಹಾಗೆ ನಡೆದಿದ್ದರು. ಐಮಂಗಲದ ಹತ್ತಿರ ಒಂದು ಹುಣಸೆ ಮರದ ಕೆಳಗೆ ನಿರಂಜನ ಹುಟ್ಟಿದ್ದ. ಹೆದ್ದಾರಿ ಅಗಲ ಮಾಡುವಾಗ ಮರ ಹೋಯಿತು. ಎರಡು ವರ್ಷದ ಹಿಂದೆ ಮಾರಣ್ಣನೂ ಹೋದ.

"ಮನೇಲಿ ಕುಂತ್ರೆ ಅವ್ರ ಫೋಟೋ ಕಾಣ್ತೈತೆ. ಬಸ್ನಾಗೆ ಕುಂತ್ರೆ ಅವ್ರೇ ಕಾಣ್ತಾರೆ ಕಣವ್ವ. ಇಲ್ಲಿ ನೀರು ಕುಡಿಸಿದ್ವಿ, ಇಲ್ಲಿ ಜಗಳ ಆಡಿದ್ವಿ, ಇಲ್ಲಿ ನನ್ನ ಕಾಲಿಗೆ ಮುಳ್ಳು ಚುಚ್ಚಿದ್ದಕ್ಕೆ ಅರ್ಧ ದಾರಿ ಹೊತ್ಕಂಡು ನಡೆದ್ರು... ಒಂದರ ಹಿಂದೆ ಒಂದು ಬರ್ತಾವೆ. ಇಳಿದ್ರೆ ಬರೀ ರಸ್ತೆ. ಅದಕ್ಕೆ ಇಳಿಯಲ್ಲ."

ಶಿವಗಂಗಾ ರೇಣುಕಮ್ಮನ ಕೈ ಹಿಡಿದುಕೊಂಡಳು. ಒಂಟಿತನ ಎಂದು ತಾನು ಬರೆದದ್ದು... ಇಂಥ ಪ್ರೀತಿಯನ್ನಾ?

"ಅವ್ವಾ," ಎಂದಳು ಕೊನೆಗೆ, "ಇದನ್ನ ಬರೀಲಾ? ನೀವು ಬ್ಯಾಡ ಅಂದ್ರೆ ಬರಿಯಲ್ಲ."

ರೇಣುಕಮ್ಮ ಸೆರಗು ಸರಿಮಾಡಿಕೊಂಡಳು. "ಬರಿ. ನನ್ನ ಹೆಸರು ಬಿಟ್ರೂ ನಡೀತೈತೆ. ಅವ್ರ ಹೆಸರು ಹಾಕು. ಬರ್ದ ಮೇಲೆ ಮೊದ್ಲು ನಂಗೆ ಓದು."

ಮುಂದಿನ ಭಾನುವಾರ ಶಿವಗಂಗಾ ಹೊಸದುರ್ಗದ ಪಕ್ಕದ ಅವರ ಹಳ್ಳಿಗೆ ಹೋದಳು. ಅಂಗಳದಲ್ಲಿ ಚಾಪೆ ಹಾಸಿದ್ದರು. ಬೆಳಗಿನ ಬಿಸಿಲು ಹಿತವಾಗಿತ್ತು. ಅವಳು ಓದಿದಳು. ರೇಣುಕಮ್ಮ ಕಣ್ಣು ಮುಚ್ಚಿ ಕೇಳಿದಳು. ಎರಡು ಕಡೆ ತಡೆದಳು. "ಆ ವರ್ಷ ಮಳೆ ಇರಲಿಲ್ಲ, ಅದನ್ನ ತೆಗಿ." "ಅವ್ರು ಸಿಟ್ಟು ಮಾಡ್ತಿದ್ರು ಅಂತಾನೂ ಹಾಕು. ದೇವ್ರಂಗೆ ಬರೀಬ್ಯಾಡ, ಮನುಷ್ಯರಂಗೆ ಬರಿ."

ನಿರಂಜನ ಬಾಗಿಲಿಗೆ ಒರಗಿ ನಿಂತಿದ್ದ. ಓದಿ ಮುಗಿದಾಗ ಕಣ್ಣೊರೆಸಿಕೊಂಡು ಒಳಗೆ ಹೋದ. ರೇಣುಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಕುರಿಮರಿಗೆ ಸೊಪ್ಪು ಹಾಕ್ಬೇಕು. ನೀವು ಮಾತಾಡ್ಕಳ್ರಿ," ಎಂದು ಹಿತ್ತಿಲಿಗೆ ನಡೆದಳು.

ಅವನು ಬಂದು ಚಾಪೆಯ ಅಂಚಿನಲ್ಲಿ ಕೂತ.

"ನಾನೂ ತಪ್ಪು ಮಾಡೀನಿ," ಎಂದು ಅವನೇ ಮೊದಲು ಬಾಯಿಬಿಟ್ಟ. "ನಲವತ್ತು ಸಲ ಖುಷಿ ಆದಾಗ ಸುಮ್ಮನಿದ್ದೆ. ಒಂದು ಸಲ ನೋವಾಗಿದ್ದಕ್ಕೆ ತಕ್ಷಣ ಕೈ ಎದ್ತು. ಆಮೇಲೆ ನೀವು ಬರೀಲೇ ಇಲ್ಲ. ದಿನಾ ತೆಗೆದು ನೋಡ್ತಿದ್ದೆ. ಅದೇ ಬರಹ, ಅದರ ಕೆಳಗೆ ನಂದೇ ಎರಡು ಸಾಲು... ನೀವು ಎರಡು ವರ್ಷ ಕಾದಿದ್ದಕ್ಕೆ ಕೊನೆಗೆ ಸಿಕ್ಕಿದ್ದು ಅದು ಅಂತ ಅನ್ನಿಸಿ ತಡ್ಕಳ್ಳಾಕೆ ಆಗ್ಲಿಲ್ಲ."

"ಅದಕ್ಕೆ ಬಸ್ಸು ಹತ್ತಿದ್ರಾ?"

"ಕ್ಷಮೆ ಕೇಳಾಣ ಅಂತ ಹತ್ತಿದೆ. ನೀವು ಮುಕ್ಕಾಲಿಗೆ ಬೈದ್ರಿ. ಆಮೇಲೆ, ಚೆನ್ನಾಗೈತಾ ಅಂತ ಕೇಳಿದ್ರಲ್ಲ... ಆ ಕಣ್ಣು ನೋಡಿ ಬಾಯೇ ಬರಲಿಲ್ಲ. ಕಾಮೆಂಟು ನಂದು ಅಂದ್ರೆ ಆ ಹೊಳಪು ಹೋಗ್ಬಿಡ್ತೈತೆ ಅಂತ ಹೆದರಿದೆ. ಇವತ್ತು ಹೇಳಾಣ, ನಾಳೆ ಹೇಳಾಣ ಅಂತ ದಿನ ತಳ್ಳಿದೆ. ಆದ್ರೆ ಹೇಳಿದ್ದೆಲ್ಲಾ ನಿಜ. ಬದೀಗೆ ಕುಂತು ನಕ್ಕಿದ್ದೂ ನಿಜ."

ಶಿವಗಂಗಾ ಚಾಪೆಯ ಎಳೆ ಕೀಳುತ್ತಿದ್ದಳು. "ನೀವು ಬರ್ದ ಆ ಎರಡು ಸಾಲು ಇರದಿದ್ರೆ ನಾನು ಹಂಗೇ ಬರ್ಕಂತ ಹೋಗ್ತಿದ್ದೆ. ಜನರನ್ನ ನೋಡಿ, ಮನಸ್ಸಿಗೆ ಬಂದಂಗೆ. ಒಳ್ಳೇದೇ ಆತು. ಆದ್ರೂ..." ಕಿತ್ತ ಎಳೆಯನ್ನು ಎಸೆದಳು. "ಆದ್ರೂ ಆ ನಲವತ್ತರಲ್ಲಿ ಒಂದಕ್ಕಾದ್ರೂ ಒಂದು ಮಾತು ಬರೀಬಾರ್ದಿತ್ತಾ?"

"ಬರೀಬೇಕಿತ್ತು."

"ಈಗ ಹೇಳ್ರಿ. ಎದುರಿಗೆ."

ಅವನು ಅವಳ ಕಡೆ ತಿರುಗಿ ಕೂತ. "ನಿಮ್ಮ ಬರಹ ಓದಾಕೆ ಮುಂಚೆ ನಾನು ಜಮೀನು ನೋಡ್ತಿದ್ದೆ, ಜನರನ್ನ ನೋಡ್ತಿರಲಿಲ್ಲ. ಇನ್ನೊಂದು ಐತೆ. ಅದು ಬರಹಕ್ಕೆ ಸೇರಿದ್ದಲ್ಲ." ಅವನ ಕಿವಿ ಕೆಂಪಾಯಿತು. "ನಿಮ್ಮ ಡ್ಯೂಟಿ ಬದಲಾದ ಮೇಲೂ ಅದೇ ಬಸ್ಸಿಗೆ ಬರ್ತಿದ್ದೆ. ನೀವಿಲ್ಲ ಅಂತ ಗೊತ್ತಿದ್ರೂ... ನಂಗೆ ನೀವು ಬೇಕು. ಜೀವನ ಪೂರ್ತಿ."

ಹಿತ್ತಿಲಲ್ಲಿ ಮರಿಯೊಂದು ಕೂಗಿತು. ಶಿವಗಂಗಾ ಮುಖ ಎತ್ತಲಿಲ್ಲ. ಆದರೆ ಚಾಪೆಯ ಮೇಲಿದ್ದ ಕೈಯನ್ನು ಮೆಲ್ಲಗೆ ಸರಿಸಿ ಅವನ ಕೈಯ ಪಕ್ಕ ಇಟ್ಟಳು.

"ನಮ್ಮಪ್ಪ ಪಾಲಣ್ಣ ಅಂತ. ಭರಮಸಾಗರದಲ್ಲಿದಾರೆ," ಎಂದಳು. "ಮಾತು ಬಾಳ ಕಮ್ಮಿ. ನೀವು ಬಂದು ಕೇಳಿದ್ರೆ ಹೂಂನೂ ಅನ್ನಲ್ಲ, ಊಹೂಂನೂ ಅನ್ನಲ್ಲ."

"ಮತ್ತೆ ಒಪ್ಪಿದ್ರೋ ಇಲ್ವೋ ಅಂತ ಹೆಂಗೆ ತಿಳ್ಕಬೇಕು?"

"ಎದ್ದು, ಹೊಲ ತೋರ್ಸಾಕೆ ಕರ್ಕಂಡು ಹೋದ್ರೆ ಒಪ್ಪಿದಾರೆ ಅಂತ."

"ಅಯ್ಯೋ! ಹೊಲ ನೋಡಿದ್ರೆ ನಾನು ಅಳತೆ ಹಾಕಾಕೆ ಶುರು ಮಾಡ್ಬಿಡ್ತೀನಲ್ಲ!"

ಅವಳು ಬಹಳ ದಿನದ ಮೇಲೆ ಬಾಯಿತುಂಬ ನಕ್ಕಳು. "ಆವತ್ತೊಂದು ದಿನ ಸುಮ್ಮನಿರ್ರಿ."

"ಸುಮ್ಮನಿರಾದ್ರಲ್ಲಿ ನನ್ನಷ್ಟು ಅಭ್ಯಾಸ ಯಾರಿಗೈತೆ ಹೇಳ್ರಿ?"

ಶಿವಗಂಗಾಳ ನಗು ಮೆಲ್ಲಗೆ ಇಳಿಯಿತು. ಈಗ ಅವಳು ಅವನ ಕಣ್ಣನ್ನೇ ನೋಡಿದಳು.

"ಅಪ್ಪನ ಹತ್ರ ಎಷ್ಟಾದ್ರೂ ಸುಮ್ಮನಿರ್ರಿ. ನನ್ನ ಹತ್ರ ಬ್ಯಾಡ. ಖುಷಿ ಆದ್ರೆ ಅವತ್ತೇ ಹೇಳ್ರಿ. ಬೇಜಾರಾದ್ರೂ ಅವತ್ತೇ."

"ಹೇಳ್ತೀನಿ, ಶಿವಗಂಗಾ."

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು.

"ಇನ್ನೊಂದ್ಸಲ ಹೇಳ್ರಿ," ಎಂದಳು.